ಷುಂಜಿ: ಮಾನವ ಸ್ವಭಾವ ಮತ್ತು ಆಚಾರವಿಧಿ

ಷುಂಜಿ (ಷುನ್ ಕ್ವಾಂಗ್) ಕ್ರಿ.ಪೂ. 3ನೆಯ ಶತಮಾನದ ಚೀನೀ ದಾರ್ಶನಿಕ. ಕನ್‌ಫ್ಯೂಷಿಯಸ್, ಮೆನ್‌ಷಿಯಸರ ಅನಂತರ ಕನ್‌ಫ್ಯೂಷಿಯನ್ ಪಂಥದ ಮೂರನೆಯ ಮಹಾ ಆಚಾರ್ಯ. ಝಾವೊ ರಾಜ್ಯದವನು. ಛೀ ರಾಜ್ಯದ ರಾಜಧಾನಿ ಲಿನ್‌ಜಿಯ ಜಿಶಿಯಾ ವಿದ್ವತ್ಸಭೆಯಲ್ಲಿ ಮೂರು ಸಲ ಹಿರಿತನದ ಗೌರವ ಪಡೆದ. ಮುಂದೆ ಚೂ ರಾಜ್ಯದ ಲಾನ್‌ಲಿಂಗ್‌ನಲ್ಲಿ ಅಧಿಕಾರಿಯಾದ. ಆಶ್ರಯದಾತ ಚುನ್‌ಶೆನ್ ಪ್ರಭು ಕ್ರಿ.ಪೂ. 238ರಲ್ಲಿ ಕೊಲೆಯಾದಾಗ ಆ ಪದವಿಯೂ ಹೋಯಿತು.

ಹುಟ್ಟುಗುಣದಲ್ಲಿ ಜನರ ನಡುವೆ ಅಂತರ ಕಡಿಮೆ, ಅಭ್ಯಾಸದಿಂದ ಅದು ಹೆಚ್ಚುತ್ತದೆ ಎಂಬಷ್ಟಕ್ಕೆ ಕನ್‌ಫ್ಯೂಷಿಯಸ್ ನಿಂತಿದ್ದ. ಬಾವಿಗೆ ಬೀಳಲಿರುವ ಮಗುವನ್ನು ಕಂಡು ಯಾರೇ ಆಗಲಿ ಲಾಭನಷ್ಟ ಎಣಿಸದೆ ಬೆಚ್ಚುತ್ತಾರೆ, ಒಳ್ಳೆಯತನದ ಮೊಳಕೆ ಎಲ್ಲರಲ್ಲೂ ಇದೆ ಎಂದು ಮೆನ್‌ಷಿಯಸ್ ವಾದಿಸಿದ. ಷುಂಜಿ ಇದನ್ನು ಒಪ್ಪಲಿಲ್ಲ. ಸ್ವಭಾವ ಕೆಟ್ಟದ್ದು, ಒಳ್ಳೆಯತನ ಪ್ರಯತ್ನದಿಂದ ಬರುವಂಥದು ಎಂಬುದು ಅವನ ಗ್ರಂಥದ 23ನೆಯ ಅಧ್ಯಾಯದ ಪ್ರತಿಪಾದನೆ. ಈ ಒಂದು ಮಾತಿನಿಂದಲೇ ಅವನನ್ನು ಅಳೆಯುವುದು ಅನ್ಯಾಯ. ಮನುಷ್ಯ ಕೇಡನ್ನೇ ಬಯಸುತ್ತಾನೆಂದು ಅವನು ಹೇಳಿಲ್ಲ. ಆಸೆಗೆ ತನ್ನದೇ ಆದ ಮಿತಿಯಿಲ್ಲ, ವಸ್ತುಗಳಿಗೆ ಮಿತಿಯಿದೆ, ಅದರಿಂದ ಕಾದಾಟ ಹುಟ್ಟುತ್ತದೆ ಎಂದ. ಆಸೆಯನ್ನು ಅಳತೆಯಲ್ಲಿಟ್ಟು ಪೋಷಿಸಲು ಪ್ರಾಚೀನ ಅರಸರು ‘ಲೀ’, ಅಂದರೆ ಆಚಾರವಿಧಿಯನ್ನು ರೂಪಿಸಿದರು. ಕಲಿತರೆ ಬೀದಿಯಲ್ಲಿ ಹೋಗುವ ಯಾರಾದರೂ ಪುರಾತನ ಅರಸ ಯೂನಷ್ಟು ಜ್ಞಾನಿಯಾಗಬಲ್ಲರು ಎಂಬ ಭರವಸೆಯೂ ಅವನಿಗಿತ್ತು.

ಅವನ ಚಿಂತನೆಯ ಸತ್ತ್ವ ಕಾಣಬೇಕಾದರೆ ಆಚಾರವಿಧಿಯ ಬಗೆಗಿನ 19ನೆಯ ಅಧ್ಯಾಯವನ್ನು ಓದಬೇಕು. ಅದ್ದೂರಿ ಶವಸಂಸ್ಕಾರ ದುಂದುವೆಚ್ಚವೆಂದು ಇನ್ನೊಂದು ಪಂಥದ ದಾರ್ಶನಿಕ ಮೋಜಿ ಆಕ್ಷೇಪಿಸಿದ್ದ. ಷುಂಜಿ ಸಂಸ್ಕಾರದ ಒಂದೊಂದು ವಿವರವನ್ನೂ ಬಿಡಿಸಿ ನೋಡುತ್ತಾನೆ. ರಥವನ್ನು ಹೂಳುತ್ತಾರೆ, ಕುದುರೆಗಳನ್ನು ಮರಳಿ ಕರೆತರುತ್ತಾರೆ. ತಂತಿವಾದ್ಯಕ್ಕೆ ತಂತಿ ಬಿಗಿಯುತ್ತಾರೆ, ಶ್ರುತಿ ಮಾಡುವುದಿಲ್ಲ. ಮಡಕೆಗಳು ಬಳಕೆಗೆ ಬಾರದಂತೆ ಅರೆಬರೆಯಾಗಿರುತ್ತವೆ. ಸತ್ತವರು ಇದನ್ನೆಲ್ಲ ಬಳಸಲಾರರೆಂದು ಬದುಕಿರುವವರಿಗೆ ಗೊತ್ತು. ಆದರೂ ಅವರನ್ನು ಬದುಕಿದ್ದವರಂತೆಯೇ ಬೀಳ್ಕೊಡುತ್ತಾರೆ. ತಂದೆತಾಯಿಗಾಗಿ ಆಚರಿಸುವ ಮೂರು ವರ್ಷದ ಸೂತಕ 25ನೆಯ ತಿಂಗಳಿಗೆ ಮುಗಿಯುತ್ತದೆ. ದುಃಖ ಆರಿರುವುದಿಲ್ಲ, ಆದರೂ ಅದಕ್ಕೊಂದು ಕೊನೆ ಬೇಕು. ಸಂಗಾತಿಯನ್ನು ಕಳೆದುಕೊಂಡ ಹಕ್ಕಿಯೂ ಹಳೆಯ ನೆಲೆಯ ಸುತ್ತ ಕೂಗುತ್ತಾ ಸುಳಿಯುತ್ತದೆಂದು ಇಲ್ಲಿಯೇ ಬರೆಯುತ್ತಾನೆ. ತನ್ನವರ ಮೇಲಿನ ಪ್ರೀತಿ ಜೀವಿಗಳಿಗೆ ಸಹಜವೆನ್ನುವ ಈ ಭಾಗಕ್ಕೂ 23ನೆಯ ಅಧ್ಯಾಯದ ಕಟುವಾದಕ್ಕೂ ಸುಲಭದಲ್ಲಿ ಹೊಂದಾಣಿಕೆಯಾಗದು. ಎರಡರಲ್ಲಿ ಹೆಚ್ಚು ಆಳವಾದುದು 19ನೆಯ ಅಧ್ಯಾಯದ ಈ ಭಾಗವೇ.

ಇದೇ ನೋಟ ಮಳೆಯ ಪೂಜೆಯ ಬಗೆಗೂ ಕಾಣುತ್ತದೆ. ಮಳೆಗಾಗಿ ಪೂಜಿಸಿದ ಮೇಲೆ ಮಳೆ ಬಂದರೆ ಅದು ಪೂಜಿಸದೆ ಬಂದ ಮಳೆಯಂತೆಯೇ ಎಂದದ್ದೂ ಷುಂಜಿಯೇ. ಆದರೂ ಪೂಜೆಯನ್ನು ಬಿಡಲು ಅವನು ಹೇಳಲಿಲ್ಲ.

ಹಾನ್ ರಾಜವಂಶದ ಕಾಲದ ವಿದ್ವಾಂಸ ಲಿಯು ಷಿಯಾಂಗ್ ಈತನ ಬರಹಗಳನ್ನು 32 ಭಾಗಗಳಾಗಿ ಸಂಪಾದಿಸಿದ. ಶಿಷ್ಯರಾದ ಹಾನ್ ಫೇ ಮತ್ತು ಲೀ ಸ್ಸು ಆಚಾರದ ಬದಲು ಕಾನೂನನ್ನೂ ಶಿಕ್ಷೆಯನ್ನೂ ನೆಚ್ಚಿದರು. 12ನೆಯ ಶತಮಾನದಲ್ಲಿ ಕನ್‌ಫ್ಯೂಷಿಯನ್ ಪಂಥದ ವಿದ್ವಾಂಸ ಝೂ ಶಿ ಎತ್ತಿಹಿಡಿದ ನಾಲ್ಕು ಮೂಲಗ್ರಂಥಗಳಲ್ಲಿ ಮೆನ್‌ಷಿಯಸನ ಕೃತಿ ಸೇರಿತು, ಷುಂಜಿಯದು ಸೇರಲಿಲ್ಲ.