ಹಲ್ಲು ಕಡಿಯುವ ಕಾರು

ನಮ್ಮ ಮನೆಗೆ ಮೊದಲ ಕಾರು ಬಂದದ್ದು 1995ರಲ್ಲಿ. ಅದಾಗಲೇ ಇಬ್ಬರ ಕೈ ದಾಟಿ ಬಂದಿದ್ದ ಹಳೆಯ ಕಾರು. ಓಡಿಸಲು ಕಲಿತವಳು ನಾನು. ಇವರಿಗೆ ಸ್ಕೂಟರೇ ಸಾಕಾಗಿತ್ತು. ಆರು ತಿಂಗಳು ಚೆನ್ನಾಗಿಯೇ ಇದ್ದದ್ದು, ಒಂದು ಬೆಳಿಗ್ಗೆ ಕೀಲಿ ತಿರುಗಿಸುತ್ತಲೇ 'ಕರ್ರ್' ಎಂದು ಹಲ್ಲು ಕಡಿಯಿತು. ಎದುರುಮನೆಯವರು ಕಾಫಿ ಲೋಟ ಹಿಡಿದುಕೊಂಡೇ ಬಾಗಿಲಿಗೆ ಬಂದರು. ಇನ್ನೊಮ್ಮೆ ತಿರುಗಿಸಿದೆ. ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಯಿತು. ಆಮೇಲೆ ನಾಲ್ಕು ದಿನ ಸದ್ದಿಲ್ಲ. ಐದನೆಯ ದಿನ ಮತ್ತೆ ಕರ್ರ್.

ಗ್ಯಾರೇಜಿಗೆ ಒಯ್ದರೆ ಅದು ಹೆಣ್ಣು ನೋಡಲು ಬಂದವರ ಮುಂದೆ ಕೂತ ಹುಡುಗಿಯಷ್ಟು ಸಾಧು. ಮೆಕ್ಯಾನಿಕ್ ಹತ್ತು ಸಲ ಕೀಲಿ ತಿರುಗಿಸಿದ. ಹತ್ತು ಸಲವೂ ಸಲೀಸು. ಆತ ನನ್ನನ್ನು ಬಿಟ್ಟು ಇವರ ಕಡೆ ತಿರುಗಿ, "ಏನೂ ಇಲ್ಲ ಸಾರ್. ಇಂಜಿನ್ ಹತ್ತಿಕೊಂಡ ಮೇಲೂ ಅಮ್ಮಾವ್ರು ಕೀಲಿ ಬಿಡಲ್ಲ, ಅದಕ್ಕೇ ಸದ್ದು" ಎಂದ. ಇವರು ನನ್ನ ಮುಖ ನೋಡಿದರು. ನನಗೇ ನನ್ನ ಮೇಲೆ ಅನುಮಾನ ಹುಟ್ಟಿತು. ಒಂದು ವಾರ ಕಾರು ಮುಟ್ಟದೆ ಆಟೋದಲ್ಲೇ ಓಡಾಡಿದೆ.

ಕೀಲಿ ತಿರುಗಿಸಿದರೆ ಕಾರು ಹೊರಡುವ ಈ ಸೌಕರ್ಯ ಎಲ್ಲಿಂದ ಬಂತು ಎಂಬ ಕುತೂಹಲ ನನಗೆ ಹತ್ತಿದ್ದು ಆ ವಾರವೇ. ಅದು ಇಂದಿಗೂ ಬಿಟ್ಟಿಲ್ಲ.

ಮೊದಮೊದಲ ಪೆಟ್ರೋಲ್ ಕಾರುಗಳಿಗೆ ಮುಂದೆ ನಿಂತು ಕಬ್ಬಿಣದ ಹ್ಯಾಂಡಲ್ ತಿರುಗಿಸಬೇಕಿತ್ತು. ಕಿಡಿ ಒಂದಿಷ್ಟು ಮುಂಚೆ ಹಾರಿತೋ, ಹ್ಯಾಂಡಲ್ ಹಿಂದಕ್ಕೆ ಒದೆದು ಮಣಿಕಟ್ಟು ಮುರಿಯುತ್ತಿತ್ತು. ಹಾಗಾಗಿ ಅಮೆರಿಕದಲ್ಲಿ ಹೆಂಗಸರಿಗೆ ಬ್ಯಾಟರಿ ಕಾರೇ ತಕ್ಕದ್ದೆಂದು ಜಾಹೀರಾತು ಮಾಡುತ್ತಿದ್ದರು. ಪೆಟ್ರೋಲ್ ಕಾರುಗಳನ್ನು ಲಕ್ಷಗಟ್ಟಲೆ ಮಾರಿದ ಹೆನ್ರಿ ಫೋರ್ಡನ ಹೆಂಡತಿ ಕ್ಲಾರಾ ಓಡಿಸುತ್ತಿದ್ದುದು 'ಡೆಟ್ರಾಯಿಟ್ ಎಲೆಕ್ಟ್ರಿಕ್' ಎಂಬ ಬ್ಯಾಟರಿ ಕಾರನ್ನು!

ಸ್ಟಾರ್ಟರಿನ ಹುಟ್ಟಿಗೆ ಒಂದು ಕತೆ ಹೇಳುತ್ತಾರೆ. ಡೆಟ್ರಾಯಿಟ್ ನಗರದ ಬೆಲ್ ಐಲ್ ಸೇತುವೆಯ ಮೇಲೆ ಹೆಂಗಸೊಬ್ಬಳ ಕಾರು ನಿಂತುಹೋಗಿತ್ತಂತೆ. ಬೈರನ್ ಕಾರ್ಟರ್ ಎಂಬ ಕಾರು ತಯಾರಕ ಸಹಾಯಕ್ಕೆ ಹೋಗಿ ಹ್ಯಾಂಡಲ್ ತಿರುಗಿಸಿದನಂತೆ. ಅದು ಹಿಂದಕ್ಕೆ ಒದೆದು ದವಡೆ ಮುರಿದು, ಕೊನೆಗೆ ಆತ ತೀರಿಕೊಂಡನಂತೆ. ಕಾರ್ಟರ್ 1908ರಲ್ಲಿ ತೀರಿಕೊಂಡದ್ದು ನಿಜ; ಸೇತುವೆಯ ವಿವರಗಳನ್ನು ಇತಿಹಾಸಕಾರರೆಲ್ಲ ಒಪ್ಪುವುದಿಲ್ಲ. ಅವನ ಸಾವಿನಿಂದ ನೊಂದ ಕ್ಯಾಡಿಲಾಕ್ ಕಂಪನಿಯ ಹೆನ್ರಿ ಲೆಲೆಂಡ್, ಹ್ಯಾಂಡಲ್ ಇಲ್ಲದ ಕಾರು ಬೇಕೆಂದು ಪಟ್ಟು ಹಿಡಿದನೆಂದು ಕತೆ ಮುಂದುವರಿಯುತ್ತದೆ.

ಅದನ್ನು ಮಾಡಿಕೊಟ್ಟವನು ಚಾರ್ಲ್ಸ್ ಕೆಟರಿಂಗ್. ಅಂಗಡಿಗಳಲ್ಲಿ ಹಣ ಎಣಿಸಿಡುವ ಕ್ಯಾಶ್ ರಿಜಿಸ್ಟರ್ ಯಂತ್ರಕ್ಕೆ ವಿದ್ಯುತ್ ಮೋಟಾರು ಜೋಡಿಸಿದ್ದ ಇಂಜಿನಿಯರ್. ಇಂಜಿನ್ ಎಬ್ಬಿಸುವಷ್ಟು ಶಕ್ತಿಯ ಮೋಟಾರು ಕಾರಿಗೆ ಭಾರವಾಗುತ್ತದೆಂದು ಉಳಿದವರು ಕೈಚೆಲ್ಲಿದ್ದರು. ಮೋಟಾರು ದಿನವಿಡೀ ದುಡಿಯಬೇಕಿಲ್ಲವಲ್ಲ, ಕೆಲವೇ ಕ್ಷಣ ತಾಳಿದರೆ ಸಾಕಲ್ಲ ಎಂದು ಅವನಿಗೆ ಹೊಳೆಯಿತು. ಚಿಕ್ಕ ಮೋಟಾರಿಗೇ ಅರೆಗಳಿಗೆ ಮಿತಿಮೀರಿದ ಭಾರ ಹೊರಿಸಿದ. 1912ರ ಕ್ಯಾಡಿಲಾಕ್ ಈ ಸ್ಟಾರ್ಟರಿನೊಂದಿಗೆ ಮಾರುಕಟ್ಟೆಗೆ ಬಂತು. ಫೋರ್ಡನ ಮಾಡೆಲ್ ಟಿ ಕಾರಿಗೆ ಅದು ಸಿಕ್ಕಿದ್ದು 1919ರಲ್ಲಿ.

ಹೆಂಗಸರಿಗೆ ಮಾಡಿದ ಉಪಕಾರವೆಂದೇ ಈ ಸ್ಟಾರ್ಟರನ್ನು ಬಣ್ಣಿಸಿದವರಿದ್ದಾರೆ. ಮುರಿಯುತ್ತಿದ್ದುದು ಗಂಡಸರ ಕೈಯೂ ಹೌದು ಎಂಬುದನ್ನು ಯಾರೂ ಅಷ್ಟು ಎತ್ತಿ ಹೇಳಲಿಲ್ಲ. ಅಲ್ಲದೆ ಹೆಂಗಸರೇನು ಅದಕ್ಕಾಗಿ ಕಾದು ಕೂತಿದ್ದರೇ? 1888ರಲ್ಲಿ ಜರ್ಮನಿಯ ಬೆರ್ತಾ ಬೆಂಜ್ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು, ಗಂಡ ತಯಾರಿಸಿದ ಕಾರಿನಲ್ಲಿ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ ಹೋದಳು. ಆ ಕಾರನ್ನು ಸ್ಟಾರ್ಟ್ ಮಾಡಲು ಹಿಂದಿನ ದೊಡ್ಡ ಚಕ್ರವನ್ನೇ ಕೈಯಿಂದ ತಿರುಗಿಸಬೇಕಿತ್ತು. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳೆಂದು ಹೇಳುತ್ತಾರೆ. ಇಂಗ್ಲೆಂಡಿನ ಡೊರೊತಿ ಲೆವಿಟ್ 1909ರಲ್ಲಿ ಹೆಂಗಸರಿಗಾಗಿಯೇ ಕಾರಿನ ಪುಸ್ತಕ ಬರೆದಳು. ಹಿಂದಿನ ರಸ್ತೆ ನೋಡಲು ಒಂದು ಕೈಗನ್ನಡಿ ಇಟ್ಟುಕೊಳ್ಳಿ ಎಂದು ಅದರಲ್ಲಿ ಸಲಹೆ ಕೊಟ್ಟಳು.

ಇದನ್ನೆಲ್ಲ ಓದಿದ ಮೇಲೆ ನನ್ನ ಕಾರಿಗೆ ನಾನೇ ಹೆದರುವುದು ನಾಚಿಕೆಯೆನಿಸಿತು. ಮತ್ತೆ ಓಡಿಸತೊಡಗಿದೆ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಸದ್ದು ಬಂದ ದಿನಕ್ಕೆ ಒಂದು ಚುಕ್ಕಿ ಇಟ್ಟೆ. ಚಳಿಗೂ ಚುಕ್ಕಿಗೂ ಸಂಬಂಧ ಕಾಣಲಿಲ್ಲ, ಮಳೆಗೂ ಕಾಣಲಿಲ್ಲ. ಬ್ಯಾಟರಿ ಸೋತಿದ್ದರೆ ದೀಪ ಮಂಕಾಗಿ 'ಟಕ್ ಟಕ್' ಎನ್ನಬೇಕಿತ್ತು, ಹಾಗೂ ಇರಲಿಲ್ಲ. ಒಂದು ಮಾತು ಮಾತ್ರ ಸ್ಪಷ್ಟವಾಯಿತು: ಸದ್ದು ಬರುತ್ತಿದ್ದುದು ಇಂಜಿನ್ ಹತ್ತಿಕೊಳ್ಳುವ ಮೊದಲು. ಕೀಲಿ ಬಿಡುವುದು ತಡವಾಗಿದ್ದರೆ ಹತ್ತಿಕೊಂಡ ಮೇಲೆ ಬರಬೇಕಿತ್ತು. ಹಾಗಾದರೆ ತಪ್ಪು ನನ್ನ ಕೈಯದಲ್ಲ!

ಉಳಿದದ್ದನ್ನು ಹೇಳಿಕೊಟ್ಟದ್ದು ಅಡುಗೆಮನೆ. ಮಿಕ್ಸಿಯ ಜಾರ್ ಸರಿಯಾಗಿ ಕೂರದಿದ್ದರೆ ಹಲ್ಲಿಗೆ ಹಲ್ಲು ಸಿಗದೆ ಅರಚುತ್ತದಲ್ಲ, ಅದೇ ಸದ್ದು. ಕಾರಿನಲ್ಲೂ ಹಾಗೆಯೇ. ಸ್ಟಾರ್ಟರಿನ ಚಿಕ್ಕ ಹಲ್ಲುಚಕ್ರ ಮುಂದೆ ಸರಿದು, ಫ್ಲೈವೀಲ್ ಎಂಬ ದೊಡ್ಡ ಚಕ್ರದ ಅಂಚಿನ ಹಲ್ಲುಗಳಿಗೆ ಕಚ್ಚಿಕೊಂಡು ಅದನ್ನು ತಿರುಗಿಸಬೇಕು. ಇಂಜಿನ್ ಹತ್ತಿದೊಡನೆ ಬಿಟ್ಟುಬಿಡಬೇಕು. ಹೀಗೆ ತಾನಾಗಿ ಕಚ್ಚಿ ಬಿಡುವ ಒಂದು ಏರ್ಪಾಟನ್ನು 1910ರ ದಶಕದಲ್ಲಿ ಬಳಕೆಗೆ ತಂದವನು ವಿನ್ಸೆಂಟ್ ಬೆಂಡಿಕ್ಸ್. ಏರ್ಪಾಟು ಬದಲಾದರೂ ನಮ್ಮ ಗ್ಯಾರೇಜುಗಳಲ್ಲಿ ಆ ಭಾಗದ ಹೆಸರು 'ಬೆಂಡಿಕ್ಸ್' ಎಂದೇ ಉಳಿದಿದೆ.

ನಾಲ್ಕು ಸಿಲಿಂಡರಿನ ಇಂಜಿನ್ ಆರಿಸಿದಾಗ ಮನಬಂದಲ್ಲಿ ನಿಲ್ಲುವುದಿಲ್ಲ. ಒಳಗಿನ ಗಾಳಿಯ ಒತ್ತಡ ತಡೆದು ನಿಲ್ಲಿಸುವುದರಿಂದ ಫ್ಲೈವೀಲು ಹೆಚ್ಚಾಗಿ ಎದುರುಬದುರಿನ ಎರಡು ಜಾಗಗಳಲ್ಲೇ ನಿಲ್ಲುತ್ತದೆ. ಸ್ಟಾರ್ಟರು ವರ್ಷಾನುಗಟ್ಟಲೆ ಅಲ್ಲೇ ಕಚ್ಚುವುದರಿಂದ ಅಲ್ಲಿನ ಹಲ್ಲು ಮೊದಲು ಸವೆಯುತ್ತದೆ. ಸವೆದ ಹಲ್ಲು ಎದುರಾದ ದಿನ ಕರ್ರ್, ಒಳ್ಳೆಯ ಹಲ್ಲು ಎದುರಾದ ದಿನ ಮೌನ.

ಮುಂದಿನ ಸಲ ಸದ್ದು ಬಂದಾಗ ಕೀಲಿ ತೆಗೆದು, ಟಾಪ್ ಗೇರಿಗೆ ಹಾಕಿ, ಕಾರನ್ನು ಒಂದಿಷ್ಟು ಮುಂದೆ ತಳ್ಳಿದೆ. ಚಕ್ರದೊಂದಿಗೆ ಇಂಜಿನ್ನೂ ಒಂಚೂರು ತಿರುಗಿತು. ಆಮೇಲೆ ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು ಕೀಲಿ ತಿರುಗಿಸಿದೆ. ಸದ್ದಿಲ್ಲದೆ ಸ್ಟಾರ್ಟ್ ಆಯಿತು. ಮೂರು ಸಲ ಹೀಗೆ ಮಾಡಿ ನೋಡಿ, ಕ್ಯಾಲೆಂಡರನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಗ್ಯಾರೇಜಿಗೆ ಒಬ್ಬಳೇ ಹೋದೆ.

ಆತ ಚುಕ್ಕಿಗಳನ್ನು ನೋಡಿದ, ಹೇಳಿದ್ದನ್ನು ಕೇಳಿಸಿಕೊಂಡ. ಎರಡು ದಿನ ಬಿಟ್ಟು ಗೇರ್‌ಬಾಕ್ಸ್ ಇಳಿಸಿ ನನ್ನನ್ನು ಕರೆಸಿದ. ಎರಡು ಕಡೆ ಹಲ್ಲು, ಮುದುಕಿಯ ವಸಡಿನಂತೆ ನುಣ್ಣಗಾಗಿತ್ತು. ಹೊಸ ಹಲ್ಲಿನ ಉಂಗುರವನ್ನು ಚೆನ್ನಾಗಿ ಕಾಯಿಸಿ, ಹಿಗ್ಗಿದಾಗ ಚಕ್ರಕ್ಕೆ ಕೂರಿಸಿ ಆರಲು ಬಿಟ್ಟರು. ಎತ್ತಿನ ಗಾಡಿಯ ಗಾಲಿಗೆ ಕಬ್ಬಿಣದ ಹಳಿ ಕೂರಿಸುವುದೂ ಹೀಗೆಯೇ ಅಲ್ಲವೇ! ಸವೆದಿದ್ದ ಬೆಂಡಿಕ್ಸನ್ನೂ ಬದಲಾಯಿಸಿದರು.

ಅಲ್ಲಿಂದಾಚೆಗೆ ಕಾರು ಏನೇ ತಕರಾರು ಮಾಡಲಿ, ಆತ ಮೊದಲು ನನ್ನನ್ನೇ ಕೇಳುತ್ತಿದ್ದ: "ಯಾವಾಗ ಬರುತ್ತಮ್ಮ ಸದ್ದು?"

ಬೆಲ್ ಐಲ್ ಸೇತುವೆಯ ಕತೆಯಲ್ಲಿ ಎಲ್ಲರ ಹೆಸರೂ ಇದೆ, ಆ ಹೆಂಗಸಿನದು ಮಾತ್ರ ಇಲ್ಲ. ಅವಳು ನಿಜವಾಗಿ ಇದ್ದಳೋ ಇಲ್ಲವೋ, ನಾನರಿಯೆ. ಇದ್ದಿದ್ದರೆ, ಕಾರು ನಿಲ್ಲುವ ಮೊದಲು ಎಂಥ ಸದ್ದು ಮಾಡಿತೆಂದು ಅವಳಿಗೆ ಗೊತ್ತಿದ್ದಿರಬೇಕು. ಅದನ್ನು ಅವಳನ್ನು ಯಾರಾದರೂ ಕೇಳಿದ್ದರೆಂದು ಕತೆ ಹೇಳುವುದಿಲ್ಲ.