ಲೊಕ್ಕಿಗುಂಡಿಯ ಬಾವಿಗಳು

ನಮ್ಮ ಭಕ್ತಜನರಿಗೆ ಯಾತ್ರೆಯೆಂದೊಡನೆ ನೆನಪಿಗೆ ಬರುವ ಸ್ಥಳಗಳು ಕೂಡಲಸಂಗಮ, ಕಲ್ಯಾಣ, ಉಳವಿ, ಶ್ರೀಶೈಲಗಳು. ಅದು ಯುಕ್ತವೇ ಸರಿ. ಆದರೆ ಗದಗಿನಿಂದ ಹೊಸಪೇಟೆಯ ಹಾದಿ ಹಿಡಿದು ಹಂಪೆಗೆ ಹೋಗುವ ಎಷ್ಟೋ ಜನರು, ಗದಗಿನ ಮೂಡಲಿಗೆ ಸುಮಾರು 12 ಕಿಲೋಮೀಟರಿನ ಮೇಲಿರುವ ಲಕ್ಕುಂಡಿಯನ್ನು ಗಾಡಿಯ ಕಿಟಕಿಯೊಳಗಿಂದ ಕಂಡು ಹಾಗೆಯೇ ಮುಂದೆ ಸಾಗುವದು ವ್ಯಸನಕರವಾದ ಸಂಗತಿಯು. ಇಳಿದು ನೋಡಿದವರೂ ಒಂದೆರಡು ಗುಡಿಗಳ ಕೆತ್ತನೆಯ ಕೆಲಸಕ್ಕೆ ತಲೆದೂಗಿ ಹಿಂತಿರುಗುವರು. ಆ ಊರಿನ ನಿಜವಾದ ಚರಿತ್ರೆಯು ನೆಲದ ಮೇಲೆ ಇರುವದಕ್ಕಿಂತ ನೆಲದ ಕೆಳಗೆ, ಅದರ ಬಾವಿಗಳಲ್ಲಿ ಇರುವದೆಂಬುದು ಬಹುಜನರ ಲಕ್ಷ್ಯಕ್ಕೆ ಬಂದಂತೆ ತೋರುವದಿಲ್ಲ.

ಈ ಸೀಮೆಯ ಸ್ವರೂಪವನ್ನು ಮೊದಲು ತಿಳಿಯಬೇಕು. ಪಡುವಣದಿಂದ ಬರುವ ಮುಂಗಾರಿ ಮೋಡಗಳು ತಮ್ಮ ಭಾರವನ್ನೆಲ್ಲ ಸಹ್ಯಾದ್ರಿಯ ಮೇಲೆಯೇ ಸುರಿದು, ಬರಿದಾಗಿ ಇತ್ತ ಬರುತ್ತವೆ. ದಕ್ಷಿಣಕ್ಕೆ ಕಪ್ಪತಗುಡ್ಡದ ಸಾಲು. ಉಳಿದ ಕಡೆಗೆಲ್ಲ ಕಣ್ಣು ಹರಿಯುವವರೆಗೆ ಎರೆಯ ಹೊಲ. ಮಳೆ ಬಿದ್ದರೆ ಕಾಲು ಕೀಳಗೊಡದ ಕೆಸರು. ಬೇಸಿಗೆಯಲ್ಲಿ ಮನುಷ್ಯನ ಕೈ ಇಳಿಯುವಷ್ಟು ಬಿರುಕು. ಜೋಳ, ಹತ್ತಿ, ಕಡಲೆ, ಮೆಣಸಿನಕಾಯಿಗಳು ಹಿಂಗಾರಿಯ ಕೃಪೆಯಿಂದ ಬೆಳೆಯುವವು. ಹಿಂಗಾರಿ ಕೈಬಿಟ್ಟರೆ ಗಿಡವೂ ನೆರಳೂ ಇಲ್ಲದ ಅರೆಮರುಭೂಮಿಯೇ ಸರಿ. 1791-92ರ ಡೋಗಿ ಬರವನ್ನೂ 1876-78ರ ಮಹಾಕ್ಷಾಮವನ್ನೂ ಕಂಡ ಭೂಮಿಯಿದು. ಸಮೀಪದಲ್ಲಿ ತುಂಬಿ ಹರಿಯುವ ಹೊಳೆಯಿಲ್ಲ. ತುಂಗಭದ್ರೆಯು ಕಪ್ಪತಗುಡ್ಡದಾಚೆಗೆ ದೂರದಲ್ಲಿರುವಳು. ಇಂಥಲ್ಲಿ ಒಂದು ಮಹಾನಗರವು ಹೇಗೆ ನಿಂತಿತು?

ನಿಂತಿತ್ತೆಂಬುದಕ್ಕೆ ಸಾಕ್ಷ್ಯಗಳಿಗೆ ಕೊರತೆಯಿಲ್ಲ. ಶಾಸನಗಳಲ್ಲಿ ಇದರ ಹೆಸರು ಲೊಕ್ಕಿಗುಂಡಿ. ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಇಲ್ಲಿ ಟಂಕಸಾಲೆಯಿದ್ದಿತು. ಇಲ್ಲಿಯ ನಾಣ್ಯವು ಲೊಕ್ಕಿಯ ಗದ್ಯಾಣವೆಂದು ಊರಿನ ಹೆಸರಿನಿಂದಲೇ ಚಲಾವಣೆಯಲ್ಲಿತ್ತು. ಸತ್ಯಾಶ್ರಯ ಇರಿವಬೆಡಂಗನು ಆಳುತ್ತಿದ್ದಾಗ 1007ರಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಇಲ್ಲಿಯ ಬ್ರಹ್ಮಜಿನಾಲಯವನ್ನು ಕಟ್ಟಿಸಿದಳು. ರನ್ನಕವಿಗೆ ಆಶ್ರಯವಿತ್ತು ಅಜಿತಪುರಾಣವನ್ನು ಬರೆಯಿಸಿದ ಮಹಾತಾಯಿ ಇವಳೇ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದವಳೆಂಬ ಕೀರ್ತಿಯೂ ಇವಳದೇ. ಪ್ರತಿಯೊಂದು ಪ್ರತಿಯನ್ನೂ ಕೈಯಿಂದಲೇ ಓಲೆಯ ಮೇಲೆ ಬರೆಯಬೇಕಾಗಿದ್ದ ಆ ದಿನಗಳಲ್ಲಿ ಕನ್ನಡ ಗ್ರಂಥಕ್ಕೆ ಅವಳು ಮಾಡಿದ ಉಪಕಾರವನ್ನು, ಅವಳು ಜಿನಭಕ್ತೆಯೆಂಬ ಕಾರಣದಿಂದ ನಾವು ಕಡಿಮೆಯಾಗಿ ಎಣಿಸಲಾಗದು. ಮುಂದೆ ಹೊಯ್ಸಳ ವೀರಬಲ್ಲಾಳನು ಸೇವುಣರ ಭಿಲ್ಲಮನನ್ನು ಸೋಲಿಸಿ, 1192ರಲ್ಲಿ ಲೊಕ್ಕಿಗುಂಡಿಯಲ್ಲಿಯೇ ಬೀಡುಬಿಟ್ಟು ರಾಜ್ಯಭಾರ ಮಾಡಿದುದು ಗದಗಿನ ಶಾಸನದಿಂದ ತಿಳಿಯುವದು. ದ್ವಾರಸಮುದ್ರದ ಅರಸನು ನೀರಿಲ್ಲದ ಊರಿನಲ್ಲಿ ದಂಡಿನ ಆನೆಕುದುರೆಗಳನ್ನು ನಿಲ್ಲಿಸಿದ್ದನೆಂದು ಯಾರೂ ನಂಬಲಾರರು.

ಗುಡಿಗಳ ವಿಷಯವನ್ನು ಬಲ್ಲವರು ಸಾಕಷ್ಟು ಬರೆದಿರುವರು; ಹೆನ್ರಿ ಕಸಿನ್ಸ್ ಎಂಬ ಪಂಡಿತನು 1926ರಲ್ಲಿ ಪ್ರಕಟವಾದ ತನ್ನ ಚಾಲುಕ್ಯಶಿಲ್ಪದ ಗ್ರಂಥದಲ್ಲಿ ಇವುಗಳನ್ನು ವರ್ಣಿಸಿದ್ದಾನೆ. ಬಾದಾಮಿ, ಪಟ್ಟದಕಲ್ಲುಗಳ ಮರಳುಗಲ್ಲನ್ನು ಬಿಟ್ಟು ಬಳಪದ ಜಾತಿಯ ನುಣುಪಾದ ಕಲ್ಲಿಗೆ ನಮ್ಮ ಶಿಲ್ಪಿಗಳು ಕೈಯಿಟ್ಟ ಕಾಲದ ಗುರುತು ಬ್ರಹ್ಮಜಿನಾಲಯದಲ್ಲಿದೆ. ಆ ಕೈಯು ಪೂರ್ಣವಾಗಿ ಪಳಗಿದುದನ್ನು ಕಾಶಿವಿಶ್ವೇಶ್ವರನ ಗುಡಿಯಲ್ಲಿ ಕಾಣಬಹುದು. ಅಲ್ಲಿ ಶಿವನ ಗರ್ಭಗುಡಿಗೆ ಇದಿರಾಗಿ ಸೂರ್ಯನ ಚಿಕ್ಕ ಗುಡಿಯಿರುವದು. ಬಾಗಿಲವಾಡದ ಸುತ್ತಲೂ ಪಟ್ಟಿಯ ಮೇಲೆ ಪಟ್ಟಿಯಾಗಿ ಕೊರೆದ ಬಳ್ಳಿಗಳು, ತಿರುಗಣೆಗೆ ಹಾಕಿ ಕಡೆದ ಕಂಬಗಳು ಇವುಗಳನ್ನು ನೋಡುವದಕ್ಕೆ ಅರ್ಧ ದಿವಸವೂ ಸಾಲದು. ನನ್ನೇಶ್ವರ, ಸೋಮೇಶ್ವರ, ಹಾಲಗುಂಡಬಸವಣ್ಣ, ವಿರೂಪಾಕ್ಷ ಮೊದಲಾದವುಗಳನ್ನು ಹೆಸರಿಸಿ ಮುಂದುವರಿಯುವೆವು.

ಊರವರ ಬಾಯಲ್ಲಿ ನೂರೊಂದು ಗುಡಿ, ನೂರೊಂದು ಬಾವಿ ಎಂಬ ಮಾತುಂಟು. ನೂರೊಂದೆಂಬುದು ಮಂಗಳಸಂಖ್ಯೆ, ಎಣಿಸಿ ಹೇಳಿದ ಲೆಕ್ಕವೆಂದು ಹಟ ಹಿಡಿಯಬೇಕಾಗಿಲ್ಲ. ಆದರೆ ಆ ಮಾತಿನಲ್ಲಿ ಗುಡಿಗೆ ಎಷ್ಟು ತೂಕವೋ ಬಾವಿಗೂ ಅಷ್ಟೇ ತೂಕವಿರುವದನ್ನು ಗಮನಿಸಬೇಕು. ಎರೆನೆಲದಲ್ಲಿ ಬಾವಿ ತೋಡುವದು ಸುಲಭದ ಕೆಲಸವಲ್ಲ. ಎರೆಮಣ್ಣು ನೀರು ಕುಡಿದಾಗ ಉಬ್ಬಿ, ಒಣಗಿದಾಗ ಕುಗ್ಗುವದರಿಂದ ಬರಿಯ ಮಣ್ಣಿನ ದಂಡೆಯು ಎರಡು ಮಳೆಗಾಲ ತಾಳುವದಿಲ್ಲ. ಆದುದರಿಂದ ಸೆಲೆ ಸಿಕ್ಕುವವರೆಗೆ ಅಗೆದು, ತಳದಿಂದ ಮೇಲಿನವರೆಗೂ ಕಲ್ಲು ಕಟ್ಟಿ, ಮಾಗಿಯಲ್ಲಿ ಮೇಲೆಯೂ ಬೇಸಿಗೆಯಲ್ಲಿ ಆಳದಲ್ಲಿಯೂ ನೀರು ಕೈಗೆ ಎಟಕುವಂತೆ ಪಾವಟಿಗೆಗಳನ್ನು ಇಳಿಬಿಟ್ಟರು. ನೀರು ಒಂದೊಂದೇ ಪಾವಟಿಗೆ ಇಳಿದಂತೆ ಕೊಡ ಹೊತ್ತ ಹೆಣ್ಣುಮಗಳೂ ಒಂದೊಂದೇ ಪಾವಟಿಗೆ ಹೆಚ್ಚು ಇಳಿಯುವಳು. ಹಗ್ಗದ ಹಂಗು ಬೇಕಿಲ್ಲ.

ಮಾಣಿಕೇಶ್ವರನ ಗುಡಿಯ ಮುಸುಕಿನ ಬಾವಿಯು ಇವುಗಳಲ್ಲಿ ಶ್ರೇಷ್ಠವಾದುದು. ಗುಡಿಯೂ ಬಾವಿಯೂ ಒಂದನ್ನೊಂದು ಅಪ್ಪಿಕೊಂಡು ನಿಂತಿರುವವು. ಬಾವಿಯ ಒಂದು ಭಾಗವು ಗುಡಿಯ ಕಟ್ಟಡದ ಮರೆಗೆ ಸೇರಿ ಮುಸುಕು ಹಾಕಿಕೊಂಡಂತಿರುವದು. ಪಾವಟಿಗೆಗಳ ನಡುನಡುವೆ ಪುಟ್ಟ ಶಿಖರಗಳುಳ್ಳ ಗೂಡುಗುಡಿಗಳನ್ನು ಕಟ್ಟಿರುವರು. ನೀರಿಗೆ ಇಳಿಯುವವನು ಹೆಜ್ಜೆಹೆಜ್ಜೆಗೂ ಒಂದು ದೇವಸನ್ನಿಧಿಯನ್ನು ದಾಟಿಯೇ ಇಳಿಯಬೇಕು. ಗುಡಿಯ ಬಾಗಿಲವಾಡಕ್ಕೆ ಎಷ್ಟು ಶ್ರದ್ಧೆಯಿಂದ ಉಳಿಯಾಡಿಸಿದರೋ ಅಷ್ಟೇ ಶ್ರದ್ಧೆ ನೀರಿನ ಅಂಚಿನಲ್ಲಿಯೂ ಇದೆ. ಈ ಸೀಮೆಯ ಜನರು ಯಾವುದನ್ನು ಅಮೂಲ್ಯವೆಂದು ಎಣಿಸಿದ್ದರೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಶಾಸನವಿಲ್ಲ. ಕನ್ನೇರ ಬಾವಿ, ಛಬ್ಬೀರ ಬಾವಿ ಮೊದಲಾದ ಇತರ ಬಾವಿಗಳೂ ಅವಶ್ಯವಾಗಿ ನೋಡತಕ್ಕವು.

ಇಷ್ಟಲಿಂಗವನ್ನು ಧರಿಸಿದ ನಮಗೆ ಸ್ಥಾವರದ ಗುಡಿಗಳಿಂದೇನು ಎಂದು ಕೇಳುವವರುಂಟು. ಪ್ರಶ್ನೆಯು ನ್ಯಾಯವಾದುದೇ. ಹಿಂದಿನ ಕಾಲದ ಗುಡಿಯ ಬಾವಿಯು ಊರಿನ ಎಲ್ಲರದಾಗಿರಲಿಲ್ಲ. ಬಾಯಾರಿದರೂ ಅದರ ಪಾವಟಿಗೆಯ ಮೇಲೆ ಕಾಲಿಡಲಾಗದ ಜನರಿದ್ದರು. ಆ ಭೇದವನ್ನು ಪ್ರಶ್ನಿಸಿದ ಶರಣರ ಪೈಕಿ ಇಬ್ಬರು ಇದೇ ಊರಿನವರೆಂದು ಪರಂಪರೆಯು ಹೇಳುವದು. ಅವರೇ ಅಜಗಣ್ಣ ಮತ್ತು ಅವನ ತಂಗಿ ಮುಕ್ತಾಯಕ್ಕ. ಅಜಗಣ್ಣನು ತನ್ನ ಭಕ್ತಿಯನ್ನು ಲೋಕಕ್ಕೆ ತೋರಗೊಡದ ಗುಪ್ತಭಕ್ತನು. ಲಿಂಗವನ್ನು ಬಾಯಲ್ಲಿಯೇ ಅಡಗಿಸಿಕೊಂಡಿದ್ದನೆಂದು ಪ್ರತೀತಿ. ಅವನು ಬಯಲಾದಾಗ ಶೋಕಿಸುತ್ತಿದ್ದ ಮುಕ್ತಾಯಕ್ಕನನ್ನು ಅಲ್ಲಮಪ್ರಭುಗಳು ಕಂಡು ಮಾತನಾಡಿಸಿದ ಪ್ರಸಂಗವು ಶೂನ್ಯಸಂಪಾದನೆಯ ಅತ್ಯುನ್ನತವಾದ ಭಾಗಗಳಲ್ಲೊಂದು. ಆ ತಾಯಿಯು ಪ್ರಭುಗಳ ಸಾಂತ್ವನವನ್ನು ಸುಮ್ಮನೆ ಕೈಯೊಡ್ಡಿ ಸ್ವೀಕರಿಸಲಿಲ್ಲ. ನಿಜವನ್ನರಿತವನಿಗೆ ಮಾತಿನ ಹಂಗೇಕೆಂದು ಪ್ರಭುಗಳನ್ನೇ ಪ್ರಶ್ನಿಸಿ, ಒರೆಗೆ ಹಚ್ಚಿ, ಒಪ್ಪಿದ ಮೇಲೆ ಒಪ್ಪಿದಳು. ತನ್ನ ವಚನಗಳಿಗೆ ಅಂಕಿತವನ್ನಾಗಿ ‘ಅಜಗಣ್ಣ ತಂದೆ’ಯೆಂದು ಅಣ್ಣನ ಹೆಸರನ್ನೇ ಇಟ್ಟುಕೊಂಡಳು. ಅಣ್ಣನೇ ಗುರುವೂ ತಂದೆಯೂ ಆದ ಇಂಥ ಸಂಬಂಧವು ಬೇರೆ ಕಡೆಗೆ ದೊರೆಯುವದು ದುರ್ಲಭವು. ಅರಸರ ಬಿರುದುಗಳು ಕಲ್ಲಿನ ಮೇಲೆ ಉಳಿದವು; ಈ ಒಕ್ಕಲುಮನೆಗಳ ಮಾತು ಓಲೆಯಲ್ಲಿಯೂ ಭಕ್ತರ ನಾಲಗೆಯ ಮೇಲೆಯೂ ಉಳಿದು ಬಂದಿತು.

ಈಗಿನ ಲಕ್ಕುಂಡಿಯು ಗದಗ ತಾಲೂಕಿನ ಒಂದು ಹಳ್ಳಿ. ಹಳೆಯ ಗೋಡೆಯ ಕಲ್ಲು ಮನೆಯ ಪಾಯದಲ್ಲಿಯೂ, ಗುಡಿಯ ಅಂಗಳವು ರಾಶಿಯ ಕಣದ ಮಗ್ಗುಲಲ್ಲಿಯೂ ಕಾಣುವವು. ಮುಖ್ಯವಾದ ಗುಡಿಗಳನ್ನು ಪುರಾತತ್ತ್ವ ಇಲಾಖೆಯವರು ಕಾಪಾಡಿರುವರು; ಶಿಲ್ಪಗಳಿಗಾಗಿ ವಸ್ತುಸಂಗ್ರಹಾಲಯವೂ ಇದೆ. ಬಾವಿಗಳಿಗೆ ಮಾತ್ರ ಹೀಗೆ ಸಮನಾದ ಭಾಗ್ಯವು ಬರಲಿಲ್ಲ. ಕೊಳವೆಬಾವಿಗಳು ಬಂದ ಮೇಲೆ ಬಯಲುಸೀಮೆಯಲ್ಲೆಲ್ಲ ನೀರಿನ ಮಟ್ಟವು ಕೆಳಗಿಳಿದು ತೋಡುಬಾವಿಗಳು ಒಣಗಿದವು. ನಲ್ಲಿಯ ನೀರು ಬಂದ ಮೇಲೆ ಪಾವಟಿಗೆಯ ಬಾವಿಗಳು ಕಸಕ್ಕೆ ಕುಣಿಗಳಾದವು. ಗುಡಿಗೆ ಎಣ್ಣೆಬತ್ತಿ ಕೊಡುವದನ್ನು ಸೇವೆಯೆಂದು ಬಗೆಯುವ ನಾವು ಬಾವಿಯ ಹೂಳು ತೆಗೆಯುವದನ್ನು ಸೇವೆಯೆಂದು ಬಗೆದುದು ಅಪರೂಪ. ಕಾಯಕವನ್ನು ಪೂಜೆಯೆಂದು ಸಾರಿದ ಪರಂಪರೆಯವರಾದ ನಮ್ಮಲ್ಲಿ ಹೀಗಾದುದು ಆಶ್ಚರ್ಯವೇ. ಗುದ್ದಲಿ ಬುಟ್ಟಿ ಹಿಡಿದು ಇಂಥ ಬಾವಿಗಳಿಗೆ ಇಳಿದ ಊರವರು ಅಲ್ಲಲ್ಲಿ ಇರುವರು, ಅವರಿಗೆ ಶರಣೆನ್ನುವೆವು.

ನೋಡಹೋಗುವವರಿಗೆ ಒಂದೆರಡು ಸೂಚನೆಗಳು. ಗದಗಿನವರೆಗೆ ರೇಲ್ವೆಯುಂಟು, ಅಲ್ಲಿಂದ ಬಸ್ಸುಗಳು ಹೇರಳ. ತೋಂಟದಾರ್ಯ ಮಠದ ದರ್ಶನವನ್ನೂ ಗದಗಿನ ತ್ರಿಕೂಟೇಶ್ವರನ ಗುಡಿಯನ್ನೂ ಮುಗಿಸಿ ಲಕ್ಕುಂಡಿಗೆ ಹೋಗುವದು ಅನುಕೂಲ. ಗುಡಿಗಳು ಊರಿನೊಳಗೆ ಚೆದುರಿರುವದರಿಂದ ಕಾಲ್ನಡಿಗೆಯೇ ಉತ್ತಮ. ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ಬಿಸಿಲಿನ ಬಾಧೆ ಕಡಿಮೆ, ಹೊಲಗಳಲ್ಲಿ ಬಿಳಿಜೋಳವೂ ನಿಂತಿರುವದು. ಆದರೆ ಬಾವಿಗಳನ್ನು ತಿಳಿಯಬೇಕೆನ್ನುವವರು ಚೈತ್ರದ ಕೊನೆಗೆ ಹೋಗಿ, ಮುಸುಕಿನ ಬಾವಿಯಲ್ಲಿ ನೀರಿನ ಗೆರೆಯು ಎಷ್ಟನೆಯ ಪಾವಟಿಗೆಯ ಮೇಲಿದೆಯೆಂದು ಎಣಿಸಿ ಬರಬೇಕು.