ಚದುರಂಗದವನ ಅನ್ನ

ಪಟ್ಟಂದೂರು ಅಗ್ರಹಾರದ ಮೆಟ್ರೊ ನಿಲ್ದಾಣದಲ್ಲಿ ಇಳಿದು ಗೆಳೆಯರೊಬ್ಬರ ಮನೆಗೆ ಹೋಗಿದ್ದೆವು. ಅವರ ಹತ್ತು ವರ್ಷದ ಮಗಳು ಆಗಷ್ಟೇ ಚೆಸ್ ತರಗತಿ ಮುಗಿಸಿ ಬಂದಿದ್ದಳು. ‘ಆಟವೇನೋ ಸರಿ ಭಾಯಿ, ಇದರಿಂದ ನಾಳೆ ಅನ್ನ ಹುಟ್ಟುತ್ತದೆಯೇ?’ ಎಂದರು ಗೆಳೆಯರು. ಸುತ್ತಲೂ ಸಾಫ್ಟ್‌ವೇರ್ ಕಂಪನಿಗಳೇ ತುಂಬಿರುವಲ್ಲಿ ತಂದೆಯಾದವನಿಗೆ ಈ ಚಿಂತೆ ಬಾರದಿರುತ್ತದೆಯೇ?

ಹಿಂದೆ ಆಟಗಾರನಿಗೆ ಅನ್ನವಿಕ್ಕುತ್ತಿದ್ದುದು ದರಬಾರು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಂತೂ ತಾವೇ ದೊಡ್ಡ ಆಟಗಾರರು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡ ಮೇಲೆ ಅವರು, 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ಕುದುರೆಯ ನಡೆಗಳನ್ನು ರಚಿಸುತ್ತಾ ಕುಳಿತರು. ಮಣೆಯ ಮೇಲಿನ ಕುದುರೆಯಾದರೂ ಅವರ ಮಾತು ಕೇಳುತ್ತಿತ್ತಲ್ಲ!

ದರಬಾರಿನ ಅನ್ನ ಎಂತಹದೆಂದು ತಿಳಿಯಲು ಪಂಜಾಬಿನ ಮೀರ್ ಸುಲ್ತಾನ್ ಖಾನರ ಕಥೆ ಸಾಕು. ಪ್ಯಾದಾ ಮೊದಲ ನಡೆಯಲ್ಲೂ ಒಂದೇ ಮನೆ ಮುಂದೆ ಹೋಗುವ ನಮ್ಮ ಹಳೆಯ ಶತರಂಜ್ ಕಲಿತವರು ಅವರು. ಜಮೀನ್ದಾರ ಸರ್ ಉಮರ್ ಹಯಾತ್ ಖಾನ್ ಅವರನ್ನು ಲಂಡನ್ನಿಗೆ ಕರೆದೊಯ್ದರು. 1929, 1932, 1933ರಲ್ಲಿ ಸುಲ್ತಾನ್ ಖಾನ್ ಬ್ರಿಟಿಷ್ ಚಾಂಪಿಯನ್ ಆದರು. ವಿಶ್ವ ಚಾಂಪಿಯನ್ ಆಗಿದ್ದ ಕಾಪಾಬ್ಲಾಂಕಾರನ್ನೂ ಹೇಸ್ಟಿಂಗ್ಸ್‌ನಲ್ಲಿ ಸೋಲಿಸಿದರು. ಅವರನ್ನು ಸೇವಕನೆಂದೇ ಬರೆದವರಿದ್ದಾರೆ. ಕುಟುಂಬದವರು ಅದನ್ನು ಒಪ್ಪುವುದಿಲ್ಲ. ಅದೇನೇ ಇರಲಿ, 1933ರ ಕೊನೆಗೆ ಜಮೀನ್ದಾರರು ಊರಿಗೆ ಹೊರಟರು, ಆಟಗಾರರೂ ಹೊರಟರು. ಅಲ್ಲಿಗೆ ಯುರೋಪಿನ ಸ್ಪರ್ಧೆ ಮುಗಿಯಿತು. 1966ರಲ್ಲಿ ಅವರು ತೀರಿಕೊಂಡರು. ಅಂತಾರಾಷ್ಟ್ರೀಯ ಚೆಸ್ ಒಕ್ಕೂಟ ಗೌರವ ಗ್ರ್ಯಾಂಡ್‌ಮಾಸ್ಟರ್ ಬಿರುದನ್ನು ಕೊಟ್ಟದ್ದು 2024ರಲ್ಲಿ.

ಈಗ ಮತ್ತೆ ಮೈಸೂರಿಗೆ ಬರೋಣ. ಅಲ್ಲಿನ ಎಂ.ಎಸ್. ತೇಜ್‌ಕುಮಾರ್ 2017ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಆದರು. ಕರ್ನಾಟಕಕ್ಕೆ ಮೊದಲಿಗರು, ಭಾರತಕ್ಕೆ 50ನೆಯವರು. ನೆರೆಯ ತಮಿಳುನಾಡಿನ ವಿಶ್ವನಾಥನ್ ಆನಂದ್ 1988ರಲ್ಲಿ, ಹದಿನೆಂಟರ ಹರೆಯದಲ್ಲೇ ಪಡೆದ ಬಿರುದಿಗೆ ನಮ್ಮ ನಾಡು ಮತ್ತೂ 29 ವರ್ಷ ಕಾಯಬೇಕಾಯಿತು. ತೇಜ್‌ಕುಮಾರರ ವಯಸ್ಸೂ ಆಗ ಮೂವತ್ತು ದಾಟಿತ್ತು.

ಬಿರುದಿಗೆ ಬಲಿಷ್ಠರ ಟೂರ್ನಿಗಳಲ್ಲಿ ಮೂರು ಸಲ ನಿಗದಿತ ಮಟ್ಟದ ಸಾಧನೆ ತೋರಬೇಕು, ಅದನ್ನು ನಾರ್ಮ್ ಎನ್ನುತ್ತಾರೆ. ಜೊತೆಗೆ ರೇಟಿಂಗ್ 2500 ಮುಟ್ಟಬೇಕು. ಎದುರಾಳಿಗಳಲ್ಲಿ ವಿದೇಶೀಯರೂ ಗ್ರ್ಯಾಂಡ್‌ಮಾಸ್ಟರ್‌ಗಳೂ ಇರಬೇಕೆಂಬ ನಿಯಮವೂ ಉಂಟು. ಹೀಗಾಗಿ ಊರೂರು ಅಲೆಯಬೇಕು, ಟಿಕೆಟ್ಟು, ಕೋಣೆ, ಪ್ರವೇಶ ಶುಲ್ಕ ಎಂದು ಕೈ ಬಿಚ್ಚಬೇಕು. ಒಂದು ಕೆಟ್ಟ ಟೂರ್ನಿ ತಿಂಗಳುಗಳ ಗಳಿಕೆಯ ರೇಟಿಂಗನ್ನು ನುಂಗಿಬಿಡುತ್ತದೆ. ಹನ್ನೆರಡಕ್ಕೇ ಗ್ರ್ಯಾಂಡ್‌ಮಾಸ್ಟರ್ ಆದ ಪ್ರಜ್ಞಾನಂದರ ಸುದ್ದಿ ಓದಿ ಮಕ್ಕಳನ್ನು ಅವಸರಿಸುವ ತಾಯ್ತಂದೆಯರು ಈ ಲೆಕ್ಕವನ್ನೂ ನೋಡಬೇಕು.

ತೇಜ್‌ಕುಮಾರ್ ರೈಲ್ವೆಯ ನೌಕರರು, ರೈಲ್ವೆ ತಂಡಕ್ಕೇ ಆಡಿದವರು. ಸಂಬಳವೆಂಬುದು ಯಜಮಾನನ ಹಂಗಲ್ಲ. ಅವನು ಊರಿಗೆ ಹೊರಟನೆಂದು ಮಣೆ ಮಡಚಬೇಕಾಗಿಲ್ಲ. ಸುಲ್ತಾನ್ ಖಾನರಿಗೆ ಇಂಥದೊಂದು ನೌಕರಿಯಿದ್ದಿದ್ದರೆ?

ನಾವು ಇಷ್ಟು ಹೇಳಿದಾಗ ಗೆಳೆಯರು, ‘ಹಾಗಾದರೆ ರೈಲ್ವೆಯ ಕ್ರೀಡಾ ಕೋಟಾ ವಿಚಾರಿಸಬೇಕು’ ಎಂದು ನಕ್ಕರು. ಅಷ್ಟರಲ್ಲಿ ಮಗಳು ಕಪ್ಪು ಕಾಯಿಗಳನ್ನು ನಮ್ಮತ್ತ ಜೋಡಿಸಿಟ್ಟಿದ್ದಳು. ಇಪ್ಪತ್ತೇ ನಡೆಗಳಲ್ಲಿ ಸೋತೆವು.